ರೀಡಿಂಗ್ ಹೊಂದದಿದ್ದಾಗ

ಪ್ರಶ್ನೆ: ನಾನು ಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಅಂಕಗಳಿಗೇನೂ ಕೊರತೆಯಿಲ್ಲ. ಆದರೆ ನನ್ನದು ಅಂತ ಒಂದು ಹೊಸ ವಿಚಾರ ಇವತ್ತಿನವರೆಗೆ ಹೊಳೆದಿಲ್ಲ. ದೊಡ್ಡ ವಿಜ್ಞಾನಿಗಳಿಗೆ ಕನಸಿನಲ್ಲಿ ಹೊಳೆಯಿತು, ಬಸ್ಸು ಹತ್ತುವಾಗ ಹೊಳೆಯಿತು ಅಂತೆಲ್ಲ ಓದಿದ್ದೇನೆ. ಅವರ ಮಿದುಳೇ ಬೇರೆಯಾ? ಅಥವಾ ಬೆಳೆದ ರೀತಿಯಾ? ಲ್ಯಾಬಿನಲ್ಲಿ ನಾವು ಮಾಡುವುದು ಇಷ್ಟೇ: ಬರಬೇಕಾದ ಉತ್ತರ ಬರದಿದ್ದರೆ ರೀಡಿಂಗ್ ಹೊಂದಿಸಿ ಬರೆಯುತ್ತೇವೆ. ಹೀಗೆ ಕಲಿತವರಿಗೆ ಹೊಸದೇನಾದರೂ ಹೊಳೆಯುತ್ತದೆಯೇ?

ಉತ್ತರ: ನಿಮ್ಮ ಕೊನೆಯ ಎರಡು ಸಾಲು ಓದಿ ನಗು ಬಂತು. ನಾನೂ ಹಾಗೆ ಹೊಂದಿಸಿ ಬರೆದವನೇ. ಲೋಲಕದ ಪ್ರಯೋಗದಲ್ಲಿ ಗುರುತ್ವದ ಬೆಲೆ 9.8 ಬರಬೇಕು ಅಂತ ಮೊದಲೇ ಗೊತ್ತಿತ್ತು. ನನಗೆ ಸಣ್ಣ ದಾರಕ್ಕೆ 9.3 ಬಂತು, ಉದ್ದನೆಯ ದಾರಕ್ಕೆ 9.6 ಬಂತು. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಆಂದೋಲನದ ಕಾಲವನ್ನು ಅಲ್ಲಲ್ಲಿ ಚೂರು ತಿದ್ದಿದೆ. ಗೆರೆ ಸರಿಯಾಗಿ ಮೂಲಬಿಂದುವಿನಿಂದಲೇ ಹೊರಡುವಂತೆ ಗ್ರಾಫ್ ಎಳೆದು ಪೂರ್ತಿ ಅಂಕ ತೆಗೆದುಕೊಂಡೆ. 9.3 ಯಾಕೆ ಬಂತು ಅಂತ ಆಗ ಒಂದು ನಿಮಿಷವೂ ಯೋಚಿಸಲಿಲ್ಲ.

ಆಮೇಲೆ ವಿಜ್ಞಾನದ ಇತಿಹಾಸ ಓದುವುದು, ಪಾಠ ಹೇಳುವುದೇ ನನ್ನ ಕೆಲಸವಾಯಿತು. ವಿಜ್ಞಾನಿಗಳು ಬರೆದಿಟ್ಟ ಟಿಪ್ಪಣಿ, ಪತ್ರ, ನೆನಪುಗಳನ್ನು ಓದಿ ಓದಿ ನನಗೊಂದು ಅಭಿಪ್ರಾಯ ಬಂದಿದೆ. ನೀವು ಹುಡುಕುತ್ತಿರುವುದು ಆ ರೀಡಿಂಗ್ ಹೊಂದಿಸುವ ಜಾಗದಲ್ಲೇ ಇದೆ. ಅಲ್ಲಿಗೆ ಬರುತ್ತೇನೆ, ಮೊದಲು ಮಿದುಳಿನ ಮಾತು ಮುಗಿಸಿಬಿಡೋಣ.

1955ರಲ್ಲಿ ಐನ್‌ಸ್ಟೈನ್ ತೀರಿಕೊಂಡರು. ಶವಪರೀಕ್ಷೆ ಮಾಡಿದ ಥಾಮಸ್ ಹಾರ್ವಿ ಎಂಬ ವೈದ್ಯ ಮನೆಯವರನ್ನು ಮೊದಲು ಕೇಳದೆಯೇ ಅವರ ಮಿದುಳನ್ನು ತೆಗೆದಿಟ್ಟುಕೊಂಡರು. ಸುಮಾರು 240 ತುಂಡು ಮಾಡಿ ಜೋಪಾನವಾಗಿ ಇಟ್ಟರು. ತೂಕ ಎಷ್ಟಿತ್ತು ಗೊತ್ತಾ? 1,230 ಗ್ರಾಂ. ಗಂಡಸರ ಮಿದುಳಿನ ಸರಾಸರಿ ತೂಕಕ್ಕಿಂತ ಕಡಿಮೆಯೇ. ಮುಂದೆ ಹಲವರು ಆ ತುಂಡುಗಳನ್ನೂ ಅದರ ಫೋಟೋಗಳನ್ನೂ ನೋಡಿ, ಇಲ್ಲಿ ಈ ಜೀವಕೋಶ ಜಾಸ್ತಿ, ಅಲ್ಲಿ ಆ ಮಡಿಕೆ ಬೇರೆ ಥರ ಅಂದರು. ಒಂದೇ ಒಂದು ಮಿದುಳು ಇಟ್ಟುಕೊಂಡು ಅಷ್ಟು ದೊಡ್ಡ ಮಾತಾಡುವುದು ನನಗೆ ಒಪ್ಪಿಗೆಯಿಲ್ಲ. ನಿಮ್ಮದನ್ನೂ ನನ್ನದನ್ನೂ ಪಕ್ಕಪಕ್ಕ ಇಟ್ಟರೂ ಹತ್ತು ವ್ಯತ್ಯಾಸ ಸಿಗುತ್ತವೆ.

ಬುದ್ಧಿಮತ್ತೆಯ ಪರೀಕ್ಷೆಗಳ ಕಥೆಯೂ ಹೀಗೇ. 1921ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ ಕ್ಯಾಲಿಫೋರ್ನಿಯಾದ ಅತಿ ಜಾಣ ಮಕ್ಕಳನ್ನು ಹುಡುಕತೊಡಗಿದರು. ಸುಮಾರು 1,500 ಮಕ್ಕಳನ್ನು ಆರಿಸಿ ಜೀವನಪೂರ್ತಿ ಅವರ ಬೆನ್ನುಹತ್ತಿದರು. ಆ ಮಕ್ಕಳು ಚೆನ್ನಾಗಿಯೇ ಬೆಳೆದರು, ಒಳ್ಳೆಯ ಕೆಲಸ ಹಿಡಿದರು. ಆದರೆ ಒಬ್ಬರಿಗೂ ನೊಬೆಲ್ ಬರಲಿಲ್ಲ. ತಮಾಷೆಯೆಂದರೆ, ಪರೀಕ್ಷೆಯಲ್ಲಿ ಸಾಲದೆ ಆ ಗುಂಪಿಗೆ ಸೇರದ ಮಕ್ಕಳಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಆಲ್ವರೆಜ್ ಇದ್ದರು. ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಬಂತು, ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ. ಜಾಣತನ ಬೇಡವೇ ಬೇಡ ಅಂತ ಯಾರೂ ಹೇಳುವುದಿಲ್ಲ. ಸ್ನಾತಕೋತ್ತರ ಭೌತಶಾಸ್ತ್ರ ಓದಿ ಅರಗಿಸಿಕೊಳ್ಳುವಷ್ಟು ನಿಮ್ಮಲ್ಲಿದೆಯಲ್ಲ, ಆ ಲೆಕ್ಕ ಅಲ್ಲಿಗೆ ಸಾಕು.

ಈಗ ಕನಸು. ನನಗೆ ತುಂಬಾ ಇಷ್ಟವಾದ ಕಥೆ ಓಟ್ಟೊ ಲೋವಿ ಅವರದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ಸಾಮಾನ್ಯವಾಗಿ ಅರ್ಧ ಮಾತ್ರ ಹೇಳುತ್ತಾರೆ.

ನರ ಮುಗಿದು ಸ್ನಾಯು ಶುರುವಾಗುವ ಕಡೆ ಸಂದೇಶ ದಾಟುವುದು ಹೇಗೆ? ವಿದ್ಯುತ್ತಿನ ಕಿಡಿಯಂತೆ ಹಾರುತ್ತದೆಯೋ, ನರದ ತುದಿಯಿಂದ ಯಾವುದಾದರೂ ರಾಸಾಯನಿಕ ಒಸರುತ್ತದೆಯೋ? ಆ ಕಾಲದಲ್ಲಿ ಹೆಚ್ಚಿನವರು ವಿದ್ಯುತ್ತೇ ಅಂದುಕೊಂಡಿದ್ದರು. ಆಸ್ಟ್ರಿಯಾದ ಗ್ರಾಝ್ ನಗರದಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಲೋವಿ ಅವರಿಗೆ 1920ರ ಈಸ್ಟರ್ ಹೊತ್ತಿನ ಒಂದು ರಾತ್ರಿ ಎಚ್ಚರವಾಯಿತು. ಏನೋ ಹೊಳೆದಿತ್ತು. ದೀಪ ಹಚ್ಚಿ ಚೀಟಿಯ ಮೇಲೆ ಗೀಚಿ ಮತ್ತೆ ಮಲಗಿದರು. ಬೆಳಿಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಓದಲಾಗಲಿಲ್ಲ! ಆ ಇಡೀ ದಿನ ಒದ್ದಾಡಿದರು. ಮರುದಿನ ರಾತ್ರಿ ಮೂರು ಗಂಟೆಗೆ ಅದೇ ವಿಚಾರ ತಿರುಗಿ ಬಂತು. ಈ ಸಲ ಬರೆಯುವ ಗೋಜಿಗೆ ಹೋಗದೆ ಎದ್ದು ಸೀದಾ ಲ್ಯಾಬಿಗೆ ಹೋದರು.

ಪ್ರಯೋಗ ತುಂಬಾ ಸರಳ. ಎರಡು ಕಪ್ಪೆಗಳ ಹೃದಯ. ಒಂದಕ್ಕೆ ವೇಗಸ್ ನರ ಅಂಟಿಕೊಂಡಿದೆ, ಇನ್ನೊಂದಕ್ಕೆ ನರವಿಲ್ಲ. ಎರಡರಲ್ಲೂ ಉಪ್ಪುನೀರು ತುಂಬಿ ಬಡಿಯಲು ಬಿಟ್ಟರು. ಮೊದಲ ಹೃದಯದ ನರವನ್ನು ಕೆಣಕಿದಾಗ ಬಡಿತ ನಿಧಾನವಾಯಿತು. ಅದರೊಳಗಿನ ನೀರನ್ನು ತೆಗೆದು ಎರಡನೆಯದಕ್ಕೆ ಹಾಕಿದರು. ನರವೇ ಇಲ್ಲದ ಆ ಹೃದಯವೂ ನಿಧಾನವಾಯಿತು. ಅಂದರೆ ನೀರಿಗೆ ಏನೋ ಸೇರಿತ್ತು. ಅದೇ ಮುಂದೆ ಅಸಿಟೈಲ್‌ಕೋಲಿನ್ ಎಂದು ಗೊತ್ತಾಯಿತು. 1936ರಲ್ಲಿ ಹೆನ್ರಿ ಡೇಲ್ ಜೊತೆ ಲೋವಿ ಅವರಿಗೂ ನೊಬೆಲ್ ಬಂತು.

ಇಷ್ಟು ಎಲ್ಲರೂ ಹೇಳುವ ಕಥೆ. ಉಳಿದರ್ಧ ಲೋವಿ ಅವರೇ ಬರೆದಿದ್ದಾರೆ. ನರದ ತುದಿಯಿಂದ ರಾಸಾಯನಿಕ ಒಸರಬಹುದು ಎಂಬ ಯೋಚನೆ ಅವರಿಗೆ ಬಂದದ್ದು 1903ರಲ್ಲಿ, ಸ್ನೇಹಿತರೊಬ್ಬರ ಜೊತೆ ಮಾತಾಡುವಾಗ. ಪರೀಕ್ಷಿಸುವ ದಾರಿ ಕಾಣದೆ ಅದನ್ನು ಅಲ್ಲೇ ಬಿಟ್ಟಿದ್ದರು. 17 ವರ್ಷ ಕಳೆಯಿತು. ನಡುವೆ 1918ರಲ್ಲಿ ಬೇರೆ ಯಾವುದೋ ಕೆಲಸಕ್ಕೆ ಕಪ್ಪೆಯ ಹೃದಯಕ್ಕೆ ಉಪ್ಪುನೀರು ತುಂಬಿ ನೋಡುವ ವಿಧಾನವನ್ನು ಅವರು ಬಳಸಿದ್ದರು. ಒಂದು ಕಡೆ ಉತ್ತರ ಸಿಗದ ಹಳೇ ಪ್ರಶ್ನೆ, ಇನ್ನೊಂದು ಕಡೆ ಕೈಗೆ ಪಳಗಿದ ಹೊಸ ವಿಧಾನ. ಕನಸು ಮಾಡಿದ್ದು ಇವೆರಡನ್ನೂ ಗಂಟು ಹಾಕುವ ಕೆಲಸ. ಹಗಲಿನಲ್ಲಿ ಸರಿಯಾಗಿ ಯೋಚಿಸಿದ್ದರೆ ಈ ಪ್ರಯೋಗ ಕೆಲಸ ಮಾಡುವುದಿಲ್ಲ ಅಂತ ಕೈಬಿಡುತ್ತಿದ್ದೆ ಎಂದೂ ಅವರು ಒಪ್ಪಿಕೊಂಡಿದ್ದಾರೆ. ಅರೆನಿದ್ದೆಯಲ್ಲಿ ಮನಸ್ಸಿನ ಒಳಗಿನ ಪರೀಕ್ಷಕ ಮಲಗಿರುತ್ತಾನಲ್ಲ, ಆ ಲಾಭವೂ ಇತ್ತು.

ನೀವು ಹೇಳಿದ ಬಸ್ಸಿನ ಕಥೆ ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕರೆ ಅವರದು. ಕೂಟಾನ್ಸ್ ಎಂಬ ಊರಲ್ಲಿ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಾಗ ಹೊಳೆದದ್ದು ನಿಜ. (ಕುದುರೆ ಎಳೆಯುವ ಬಸ್ಸು ಅದು.) ಆದರೆ ಅದಕ್ಕೂ ಮುಂಚೆ 15 ದಿನ, ಒಂದು ಬಗೆಯ ಗಣಿತದ ಫಲನಗಳು ಇರಲು ಸಾಧ್ಯವೇ ಇಲ್ಲ ಅಂತ ಸಾಧಿಸಲು ಅವರು ಮೇಜಿನ ಮುಂದೆ ಹೆಣಗಿದ್ದರು. 1908ರ ಉಪನ್ಯಾಸದಲ್ಲಿ ಇದನ್ನೆಲ್ಲ ಹೇಳುತ್ತಾ, ಮೊದಲು ಹೆಣಗಾಡದೆ ಸುಮ್ನೆ ಕೂತವರಿಗೆ ಹೀಗೆ ಹೊಳೆಯುವುದಿಲ್ಲ, ಹೊಳೆದ ಮೇಲೂ ಕೂತು ಪರಿಶೀಲಿಸಲೇಬೇಕು ಎಂದು ಸ್ಪಷ್ಟವಾಗಿ ಹೇಳಿದರು. ಅವರು ಗಣಿತಕ್ಕೆ ಕೂರುತ್ತಿದ್ದದ್ದು ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮಾತ್ರ. ಉಳಿದ ಹೊತ್ತು ತಲೆ ತನ್ನ ಪಾಡಿಗೆ ಕೆಲಸ ಮಾಡಲಿ ಅಂತ ಬಿಡುತ್ತಿದ್ದರು. ಡಾರ್ವಿನ್ ಕೂಡ ಮನೆಯ ಹಿಂದೆ ಒಂದು ಮರಳುದಾರಿ ಮಾಡಿಸಿ ದಿನಾ ಸುತ್ತುತ್ತಿದ್ದರು. ದಿನಕ್ಕೆ 16 ಗಂಟೆ ಓದುವುದೇ ದೊಡ್ಡಸ್ತಿಕೆ ಅಂದುಕೊಂಡವರು ಇದನ್ನು ಗಮನಿಸಬೇಕು.

ಹಾಗಾದರೆ ತಲೆಯೊಳಗೆ ವರ್ಷಗಟ್ಟಲೆ ಕೂತಿರುವ ಆ ಪ್ರಶ್ನೆ ಬರುವುದೆಲ್ಲಿಂದ? ನೋಡಿ, ಈಗ ನಿಮ್ಮ ರೀಡಿಂಗ್ ವಿಷಯಕ್ಕೆ ಬಂದೆವು.

ಕೆಪ್ಲರ್ 1600ರಲ್ಲಿ ಖಗೋಳ ವೀಕ್ಷಕ ಟೈಕೊ ಬ್ರಾಹೆ ಬಳಿ ಕೆಲಸಕ್ಕೆ ಸೇರಿದಾಗ ಅವರ ಪಾಲಿಗೆ ಮಂಗಳ ಗ್ರಹ ಬಂತು. ಅದರ ಪಥದ ಲೆಕ್ಕ ಎಂಟು ದಿನದಲ್ಲಿ ಮುಗಿಸುತ್ತೇನೆ ಅಂತ ಜಂಬ ಕೊಚ್ಚಿಕೊಂಡರು. ಐದು ವರ್ಷಕ್ಕೂ ಹೆಚ್ಚು ಹಿಡಿಯಿತು. ನಡುವೆ ಒಂದು ಹಂತದಲ್ಲಿ ವೃತ್ತಾಕಾರದ ಪಥವನ್ನೇ ಇಟ್ಟುಕೊಂಡು ಅವರ ಲೆಕ್ಕ ಹೆಚ್ಚುಕಡಿಮೆ ಹೊಂದಿತ್ತು. ಆದರೆ ಕೆಲವು ಕಡೆ ಮಂಗಳ ಇರಬೇಕಾದ ಜಾಗಕ್ಕೂ ಟೈಕೊ ಕಂಡ ಜಾಗಕ್ಕೂ 8 ಕೋನ ನಿಮಿಷಗಳ ವ್ಯತ್ಯಾಸ ಬರುತ್ತಿತ್ತು. ಹುಣ್ಣಿಮೆ ಚಂದ್ರನ ಅಗಲದ ಕಾಲುಭಾಗ ಅಂದುಕೊಳ್ಳಿ. ದುರ್ಬೀನು ಇಲ್ಲದ ಕಾಲ ಅದು. ಹಿಂದಿನವರ ಅಳತೆಗಳಲ್ಲಿ ಅದಕ್ಕಿಂತ ದೊಡ್ಡ ತಪ್ಪುಗಳಿರುತ್ತಿದ್ದವು. ಕೆಪ್ಲರ್ ಕೂಡ ‘ಪ್ರಯೋಗದ ದೋಷ’ ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು, ಅಲ್ವಾ?

ಅವರು ಮುಗಿಸಲಿಲ್ಲ. ಟೈಕೊ ಅಷ್ಟು ತಪ್ಪುವ ಮನುಷ್ಯ ಅಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ವರ್ಷಗಳ ಲೆಕ್ಕವನ್ನು ಬದಿಗೆ ತಳ್ಳಿ ಮತ್ತೆ ಶುರು ಮಾಡಿದರು. ಎರಡು ಸಾವಿರ ವರ್ಷ ಎಲ್ಲರೂ ನಂಬಿಕೊಂಡು ಬಂದಿದ್ದ ವೃತ್ತ ಬಿದ್ದುಹೋಗಿ ದೀರ್ಘವೃತ್ತ ಬಂತು. ಪುಸ್ತಕ ಹೊರಬಂದದ್ದು 1609ರಲ್ಲಿ. ಇಡೀ ಖಗೋಳಶಾಸ್ತ್ರವನ್ನು ಬದಲಿಸುವ ದಾರಿ ತೋರಿಸಿದ್ದು ಆ 8 ನಿಮಿಷಗಳೇ ಎಂಬ ಅರ್ಥದಲ್ಲಿ ಅವರೇ ಬರೆದುಕೊಂಡರು. ಇದೇ ಕೆಪ್ಲರ್ ಜಾತಕ ಬರೆಯುತ್ತಿದ್ದವರು, ಗ್ರಹಗಳು ಸಂಗೀತ ನುಡಿಸುತ್ತವೆ ಎಂದು ನಂಬಿದ್ದವರು. ಕಲ್ಪನೆ ಅವರಲ್ಲಿ ಉಕ್ಕಿ ಹರಿಯುತ್ತಿತ್ತು. ನನ್ನ ಪ್ರಕಾರ ಅವರನ್ನು ದೊಡ್ಡವರನ್ನಾಗಿ ಮಾಡಿದ್ದು, ಅಷ್ಟು ಕಲ್ಪನೆ ಇದ್ದೂ 8 ನಿಮಿಷಕ್ಕೆ ತಲೆಬಾಗಿದ್ದು.

ನಮಗೆ ಹತ್ತಿರದ ಉದಾಹರಣೆ ಸಿ. ವಿ. ರಾಮನ್. 1921ರಲ್ಲಿ ಹಡಗಿನಲ್ಲಿ ಬರುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ನೋಡಿ ಅವರು ಪ್ರಶ್ನೆ ಕೇಳಿಕೊಂಡ ಕಥೆ ನಿಮಗೆ ಗೊತ್ತಿರುತ್ತದೆ. ಆಕಾಶದ ನೀಲಿ ನೀರಲ್ಲಿ ಪ್ರತಿಫಲಿಸುತ್ತದೆ ಎಂದು ಲಾರ್ಡ್ ರೇಲಿ ಅಂಥ ದೊಡ್ಡವರೇ ಹೇಳಿದ್ದರು. ರಾಮನ್ ಜೊತೆಯಲ್ಲಿದ್ದ ನಿಕೋಲ್ ಪಟ್ಟಕದಿಂದ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ. ಆದರೆ ನಾನು ಹೇಳಬೇಕೆಂದಿರುವುದು ಇದರ ಮುಂದಿನ ಭಾಗ. 1923ರಲ್ಲಿ ಕೋಲ್ಕತ್ತದಲ್ಲಿ ಅವರ ವಿದ್ಯಾರ್ಥಿ ಕೆ. ಆರ್. ರಾಮನಾಥನ್ ದ್ರವಗಳಲ್ಲಿ ಬೆಳಕು ಚದರುವುದನ್ನು ನೋಡುತ್ತಿದ್ದಾಗ ಇರಬಾರದ ಬಣ್ಣದ ಮಂಕು ಬೆಳಕು ಕಾಣಿಸಿತು. ದ್ರವದಲ್ಲಿ ಕಲ್ಮಶ ಇರಬೇಕು, ಅದರ ಹೊಳಪು ಇರಬೇಕು ಅನ್ನುವುದು ಸಹಜವಾದ ಉತ್ತರ. ಶುದ್ಧ ಮಾಡಿ ನೋಡಿದರು. ಹೋಗಲಿಲ್ಲ. ಮತ್ತೆ ಮತ್ತೆ ಶುದ್ಧ ಮಾಡಿದರು. ಆಗಲೂ ಹೋಗಲಿಲ್ಲ. ಲೇಖನದಲ್ಲಿ ಅದನ್ನು ದುರ್ಬಲ ಪ್ರತಿದೀಪ್ತಿ (ಬೆಳಕು ಬಿದ್ದ ವಸ್ತು ತಾನೇ ಬೇರೆ ಬಣ್ಣದಲ್ಲಿ ಹೊಳೆಯುವುದು) ಎಂದು ಬರೆದರೂ ರಾಮನ್ ಮನಸ್ಸಿಗೆ ಸಮಾಧಾನವಾಗಲಿಲ್ಲ. ಐದು ವರ್ಷ ಆ ಮಂಕು ಬೆಳಕು ಅವರನ್ನು ಬಿಡಲಿಲ್ಲ. 1928ರಲ್ಲಿ ಕೆ. ಎಸ್. ಕೃಷ್ಣನ್ ಜೊತೆ ಮತ್ತೆ ಅದರ ಬೆನ್ನುಹತ್ತಿ, ಫೆಬ್ರವರಿ 28ರಂದು ಅದು ಬೇರೆಯೇ ವಿದ್ಯಮಾನ ಎಂದು ಖಚಿತ ಮಾಡಿಕೊಂಡರು. ಅದೇ ರಾಮನ್ ಪರಿಣಾಮ. ಒಂದು ‘ಕಲ್ಮಶ’ಕ್ಕೆ 1930ರ ನೊಬೆಲ್ ಬಂತು ಅಂತ ನಾನು ತರಗತಿಯಲ್ಲಿ ತಮಾಷೆ ಮಾಡುವುದುಂಟು.

ಜೋಸೆಲಿನ್ ಬೆಲ್ ಕಥೆಯನ್ನು ನೀವು ವಿಶೇಷವಾಗಿ ಓದಬೇಕು. 1967ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಅವರು ಪಿಎಚ್.ಡಿ. ವಿದ್ಯಾರ್ಥಿನಿ. ರೇಡಿಯೊ ದೂರದರ್ಶಕದಿಂದ ದಿನಕ್ಕೆ ಸುಮಾರು 30 ಮೀಟರ್ ಕಾಗದದ ಪಟ್ಟಿ ಹೊರಬರುತ್ತಿತ್ತು. ಅದರ ಮೇಲಿನ ಗೀಟುಗಳನ್ನು ಕಣ್ಣಲ್ಲೇ ನೋಡಿ ವಿಂಗಡಿಸುವುದು ಅವರ ಕೆಲಸ. ಒಂದು ಕಡೆ ಅರ್ಧ ಸೆಂಟಿಮೀಟರ್‌ನಷ್ಟು ಜಾಗದಲ್ಲಿ ಒಂದು ಗೋಜಲು. ಅವರು ಹುಡುಕುತ್ತಿದ್ದ ಆಕಾಶಕಾಯಗಳ ಗುರುತೂ ಅಲ್ಲ, ಹತ್ತಿರದ ವಾಹನದ್ದೋ ಯಂತ್ರದ್ದೋ ಗಲಾಟೆಯೂ ಅಲ್ಲ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿ ಹಳೆಯ ಪಟ್ಟಿಗಳನ್ನು ಹರಡಿಕೊಂಡು ಕೂತರು. ಆಕಾಶದ ಅದೇ ಭಾಗದಿಂದ ಅದೇ ಗೋಜಲು ಹಿಂದೆಯೂ ಬಂದಿತ್ತು. ಕಾಗದವನ್ನು ಜೋರಾಗಿ ಓಡಿಸಿ ನೋಡಿದಾಗ 1.33 ಸೆಕೆಂಡಿಗೊಮ್ಮೆ ಮಿಡಿಯುವ ಸಂಕೇತ ಸಿಕ್ಕಿತು. ಮೊದಲ ಪಲ್ಸಾರ್, ಅಂದರೆ ಲಯಬದ್ಧವಾಗಿ ರೇಡಿಯೊ ಅಲೆ ಮಿಡಿಯುವ ನಕ್ಷತ್ರ!

ಅಷ್ಟು ಎಚ್ಚರದಿಂದ ಯಾಕೆ ನೋಡಿದಿರಿ ಎಂದರೆ ಅವರು ಕೊಟ್ಟಿರುವ ಕಾರಣ ಕೇಳಿ. ಕೇಂಬ್ರಿಡ್ಜ್‌ಗೆ ಬಂದಾಗ ತಾನು ಅಲ್ಲಿಗೆ ಸಲ್ಲದವಳು, ಏನೋ ತಪ್ಪಾಗಿ ಸೇರಿಸಿಕೊಂಡಿದ್ದಾರೆ ಅಂತ ಅವರಿಗೆ ಅನ್ನಿಸುತ್ತಿತ್ತಂತೆ. ಹೊರಗೆ ಹಾಕುವವರೆಗಾದರೂ ಕೈಲಾದಷ್ಟು ಚೆನ್ನಾಗಿ ಮಾಡೋಣ ಅಂತ ಒಂದು ಗೀಟನ್ನೂ ಬಿಡದೆ ನೋಡುತ್ತಿದ್ದರು. ಮೇಧಾವಿಗಳಿಗೆಲ್ಲ ಹುಟ್ಟಿನಿಂದ ಆತ್ಮವಿಶ್ವಾಸ ತುಂಬಿರುತ್ತದೆ ಅನ್ನುವ ಮಾತನ್ನು ನಾನು ನಂಬದಿರಲು ಇದೂ ಒಂದು ಕಾರಣ. 1974ರಲ್ಲಿ ಆ ಶೋಧಕ್ಕೆ ನೊಬೆಲ್ ಬಂದಾಗ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಅದು ಬೇರೆ ಸಂಕಟದ ಕಥೆ.

ಹೊಂದದ ಸಂಗತಿಯನ್ನು ಮನಸ್ಸು ಬೇಗ ಮರೆತುಬಿಡುತ್ತದೆ. ಇದು ಎಲ್ಲರ ಸ್ವಭಾವ. ಡಾರ್ವಿನ್‌ಗೂ ಇತ್ತು. ಅದಕ್ಕೇ ಅವರು ಒಂದು ನಿಯಮ ಮಾಡಿಕೊಂಡಿದ್ದರು. ತಮ್ಮ ಸಿದ್ಧಾಂತಕ್ಕೆ ವಿರುದ್ಧವಾದ ಯಾವುದೇ ಸಂಗತಿ ಕಂಡರೆ ಆ ಕ್ಷಣವೇ ಬರೆದಿಡುವುದು. ಅನುಕೂಲವಾದದ್ದು ತಾನಾಗಿ ನೆನಪಿರುತ್ತದೆ, ಅನನುಕೂಲವಾದದ್ದು ಜಾರಿಹೋಗುತ್ತದೆ ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅವರ ಮಿದುಳನ್ನು ನಾವು ಎರವಲು ತರಲಾಗದು, ಈ ನಿಯಮವನ್ನು ತರಬಹುದು.

ನೀವು ಕೇಳಬಹುದು: ಸರಿ, ಹೊಂದದ ರೀಡಿಂಗ್ ಎಲ್ಲರಿಗೂ ಬರುತ್ತದೆ, ಅದರಲ್ಲಿ ಯಾವುದು ಮುಖ್ಯ ಅಂತ ಗೊತ್ತಾಗುವುದು ಹೇಗೆ? ಇಲ್ಲಿ ಬೆಳೆದ ರೀತಿ ಕೆಲಸಕ್ಕೆ ಬರುತ್ತದೆ. ಕಣ್ಣು ಮೊದಲೇ ಬೇರೆ ಎಲ್ಲೋ ಪಳಗಿರಬೇಕು.

1609ರ ಜುಲೈನಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದುರ್ಬೀನಿನಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದರು. ಬೆಳಕು ಕತ್ತಲೆಯ ನಡುವಿನ ಗಡಿ ಸೊಟ್ಟಪಟ್ಟ ಇದ್ದದ್ದು ಅದರಲ್ಲಿದೆ, ಅಷ್ಟೇ. ಅದೇ ವರ್ಷದ ಕೊನೆಗೆ ಗೆಲಿಲಿಯೊ ನೋಡಿದಾಗ ಆ ಸೊಟ್ಟ ಗಡಿ ಬೆಟ್ಟಗಳ ನೆರಳಾಗಿ ಕಾಣಿಸಿತು. ಕತ್ತಲ ಭಾಗದಲ್ಲಿ ಮಿನುಗುವ ಚುಕ್ಕಿಗಳು ಬಿಸಿಲು ಮೊದಲು ತಾಗುವ ಶಿಖರಗಳು ಎಂದು ಹೊಳೆದು, ಅವುಗಳ ಎತ್ತರವನ್ನೂ ಲೆಕ್ಕ ಹಾಕಿಬಿಟ್ಟರು. ಗೆಲಿಲಿಯೊ ದುರ್ಬೀನಿಗೆ ಶಕ್ತಿ ಜಾಸ್ತಿ ಇತ್ತು, ಒಪ್ಪುತ್ತೇನೆ. ಆದರೆ ಅವರು ಚಿತ್ರಕಲೆ ಬಲ್ಲವರು. ಚಪ್ಪಟೆ ಕಾಗದದ ಮೇಲೆ ನೆರಳು ಹಾಕಿ ಉಬ್ಬು ತಗ್ಗು ತೋರಿಸುವ ವಿದ್ಯೆ ಅವರಿಗೆ ಗೊತ್ತಿತ್ತು. ಗೆಲಿಲಿಯೊ ಪುಸ್ತಕ ಬಂದ ಮೇಲೆ ಹ್ಯಾರಿಯಟ್ ಬರೆದ ಚಿತ್ರಗಳಲ್ಲೂ ಕುಳಿಗಳು ಕಾಣಿಸಿಕೊಂಡವು!

ಗೆಲಿಲಿಯೊ ಮನೆಯ ಬಗ್ಗೆಯೂ ಒಂದು ಮಾತು. ತಂದೆ ವಿಂಚೆಂಜೊ ಸಂಗೀತಗಾರ. ತಂತಿಗೆ ಕಟ್ಟಿದ ಭಾರವನ್ನು ಎರಡು ಪಟ್ಟು ಮಾಡಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ ಎಂದು ಶತಮಾನಗಳಿಂದ ಪುಸ್ತಕಗಳು ಹೇಳುತ್ತಿದ್ದವು. ಅವರು ನಿಜಕ್ಕೂ ಭಾರ ಕಟ್ಟಿ ನುಡಿಸಿ ನೋಡಿದರು. ನಾಲ್ಕು ಪಟ್ಟು ಬೇಕಾಯಿತು. ಪುಸ್ತಕಕ್ಕಿಂತ ತಂತಿಯನ್ನು ನಂಬುವ ಅಪ್ಪನ ಮನೆಯಲ್ಲಿ ಬೆಳೆದ ಹುಡುಗ ಅರಿಸ್ಟಾಟಲನನ್ನು ಪ್ರಶ್ನಿಸಿದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ.

ಮೆಂಡೆಲ್ ಕೂಡ ಹೀಗೆ ಬೇರೆ ಕಣ್ಣು ತಂದವರು. ಅವರು ಶಿಕ್ಷಕರ ಪರೀಕ್ಷೆಯಲ್ಲಿ ಎರಡು ಸಲ ಫೇಲಾದ ಸನ್ಯಾಸಿ. ನಡುವೆ ವಿಯೆನ್ನಾದಲ್ಲಿ ಭೌತಶಾಸ್ತ್ರ, ಗಣಿತ ಕಲಿತಿದ್ದರು. ಸಸ್ಯಗಳ ಮಿಶ್ರತಳಿ ಮಾಡಿದವರು ಅವರಿಗಿಂತ ಮೊದಲೂ ಬೇಕಾದಷ್ಟು ಜನ ಇದ್ದರು. ಆದರೆ ಸುಮಾರು 28,000 ಬಟಾಣಿ ಗಿಡ ಬೆಳೆಸಿ, ಎಷ್ಟರಲ್ಲಿ ಎಷ್ಟು ಅಂತ ಎಣಿಸಿ, ಮೂರಕ್ಕೆ ಒಂದು ಅನ್ನುವ ಪ್ರಮಾಣವನ್ನು ಹಿಡಿಯಲು ಲೆಕ್ಕದ ತಲೆ ಬೇಕಿತ್ತು. ಸ್ಪೇನಿನ ರಾಮೋನ್ ಇ ಕಹಾಲ್ ಚಿತ್ರಕಾರನಾಗಬೇಕೆಂದು ಹಟ ಹಿಡಿದಿದ್ದ ಹುಡುಗ, ಅಪ್ಪ ಬಲವಂತವಾಗಿ ವೈದ್ಯಕೀಯಕ್ಕೆ ಸೇರಿಸಿದರು. ಆ ಕೈಯೇ ಮುಂದೆ ನರಕೋಶಗಳ ಚಿತ್ರ ಬರೆಯಿತು. ನರಮಂಡಲವು ಬಿಡಿಬಿಡಿ ಕೋಶಗಳಿಂದಾಗಿದೆ ಎಂದು ಆ ಚಿತ್ರಗಳ ಮೂಲಕವೇ ಅವರು ತೋರಿಸಿದರು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1928ರಲ್ಲಿ ಬೂಷ್ಟು ಹಿಡಿದ ತಟ್ಟೆಯನ್ನು ಎಸೆಯದೆ ನೋಡಿದ್ದನ್ನು ಅದೃಷ್ಟ ಅನ್ನುತ್ತಾರೆ. ಏಳು ವರ್ಷ ಮೊದಲು ತಮ್ಮದೇ ಮೂಗಿನ ಸಿಂಬಳ ಬಿದ್ದ ಕಡೆ ಬ್ಯಾಕ್ಟೀರಿಯಾ ಕರಗಿದ್ದನ್ನು ನೋಡಿ ಲೈಸೋಜೈಮ್ ಕಂಡುಹಿಡಿದಿದ್ದವರು ಅವರು. ತಟ್ಟೆಯಲ್ಲಿ ಖಾಲಿ ವರ್ತುಲ ಕಂಡರೆ ಏನರ್ಥ ಅಂತ ಅವರ ಕಣ್ಣಿಗೆ ಅಭ್ಯಾಸವಾಗಿತ್ತು.

ಇನ್ನು ಸುತ್ತಲಿನ ಜನ. ಒಂಟಿಯಾಗಿ ಕೂತು ಲೋಕ ಬದಲಿಸಿದ ಮೇಧಾವಿಯ ಚಿತ್ರ ನೋಡಲು ಚೆಂದ, ಆದರೆ ಹತ್ತಿರ ಹೋಗಿ ನೋಡಿದರೆ ಕೋಣೆಯಲ್ಲಿ ಇನ್ನೊಬ್ಬರು ಇದ್ದೇ ಇರುತ್ತಾರೆ. ಬೆಳಕಿನ ಕಿರಣದ ಬೆನ್ನಟ್ಟಿ ಅದೇ ವೇಗದಲ್ಲಿ ಓಡಿದರೆ ಏನು ಕಾಣುತ್ತದೆ ಎಂಬ ಪ್ರಶ್ನೆ ಐನ್‌ಸ್ಟೈನ್‌ಗೆ ಬಂದದ್ದು 16ನೇ ವಯಸ್ಸಿನಲ್ಲಿ. ಹತ್ತು ವರ್ಷ ಅದು ಅವರ ಜೊತೆ ಇತ್ತು. 1905ರಲ್ಲಿ ಪೇಟೆಂಟ್ ಕಚೇರಿಯ ಸ್ನೇಹಿತ ಮಿಕೆಲೆ ಬೆಸ್ಸೊ ಜೊತೆ ಅದನ್ನೇ ಚರ್ಚಿಸಿದ ಮೇಲೆ ಗಂಟು ಬಿಚ್ಚಿತು. ಸಾಪೇಕ್ಷತೆಯ ಆ ಲೇಖನದಲ್ಲಿ ಬೇರೆ ಲೇಖನಗಳ ಉಲ್ಲೇಖವೇ ಇಲ್ಲ, ಕೊನೆಯಲ್ಲಿ ಬೆಸ್ಸೊಗೆ ಕೃತಜ್ಞತೆ ಮಾತ್ರ ಇದೆ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ಮಾದರಿ ಕಟ್ಟುತ್ತಾ ಸಿಕ್ಕಿಹಾಕಿಕೊಂಡಿದ್ದರು. ಡಿಎನ್‌ಎಯಲ್ಲಿ ಜೋಡಿಯಾಗುವ ಬೇಸ್ ಎಂಬ ಅಣುಗಳಿಗೆ ಪಠ್ಯಪುಸ್ತಕದಲ್ಲಿದ್ದ ಆಕಾರವೇ ತಪ್ಪು ಎಂದು ಅದೇ ಕೋಣೆಯಲ್ಲಿ ಕೂರುತ್ತಿದ್ದ ರಸಾಯನಶಾಸ್ತ್ರಜ್ಞ ಜೆರಿ ಡೊನೊಹ್ಯೂ ಹೇಳಿದರು. ಆ ತಪ್ಪು ಸರಿಯಾದ ಮೇಲೆ ಜೋಡಿಗಳು ಹೊಂದಿಕೊಂಡವು. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಲ್ಯಾಬಿನ ಕ್ಷ-ಕಿರಣ ಚಿತ್ರ ಇಲ್ಲದಿದ್ದರೆ ಅದೂ ಆಗುತ್ತಿರಲಿಲ್ಲ.

ಗುರುಗಳ ವಿಷಯದಲ್ಲಿ ಒಂದು ಲೆಕ್ಕ ಇದೆ. ಸಮಾಜಶಾಸ್ತ್ರಜ್ಞೆ ಹ್ಯಾರಿಯೆಟ್ ಝುಕರ್‌ಮನ್ 1972ರವರೆಗೆ ಅಮೆರಿಕದಲ್ಲಿ ಕೆಲಸ ಮಾಡಿ ನೊಬೆಲ್ ಪಡೆದ 92 ವಿಜ್ಞಾನಿಗಳನ್ನು ನೋಡಿದರು. ಅವರಲ್ಲಿ 48 ಮಂದಿ ಬೇರೊಬ್ಬ ನೊಬೆಲ್ ವಿಜ್ಞಾನಿಯ ಕೈಕೆಳಗೆ ಕಲಿತವರು ಅಥವಾ ದುಡಿದವರು. ರಸಾಯನಶಾಸ್ತ್ರದಲ್ಲಿ ಒಂದು ಗುರುಪರಂಪರೆಯೇ ಇದೆ. ಲೀಬಿಗ್ ಶಿಷ್ಯ ಕೆಕುಲೆ, ಅವರ ಶಿಷ್ಯ ಬಾಯರ್, ಅವರ ಶಿಷ್ಯ ಎಮಿಲ್ ಫಿಶರ್, ಅವರ ಶಿಷ್ಯ ಓಟ್ಟೊ ವಾರ್‌ಬರ್ಗ್, ಅವರ ಶಿಷ್ಯ ಹಾನ್ಸ್ ಕ್ರೆಬ್ಸ್. ಕೊನೆಯ ನಾಲ್ವರಿಗೂ ನೊಬೆಲ್ ಬಂದಿದೆ. ಹೆಸರು, ಹಣ, ಶಿಫಾರಸು ಕೂಡ ಇದರಲ್ಲಿ ಕೆಲಸ ಮಾಡುತ್ತವೆ, ಅದನ್ನು ಮರೆಯಬಾರದು. ಆದರೆ ಶಿಷ್ಯರು ಸಾಮಾನ್ಯವಾಗಿ ನೆನೆಯುವುದು ಬೇರೆಯದನ್ನು. ಯಾವ ಪ್ರಶ್ನೆಗೆ ಹತ್ತು ವರ್ಷ ಕೊಡಬಹುದು, ಯಾವುದನ್ನು ಇವತ್ತೇ ಬಿಡಬೇಕು, ಎಂಥ ಉತ್ತರಕ್ಕೆ ತೃಪ್ತಿಪಡಬಾರದು ಅನ್ನುವುದನ್ನು ಗುರುವಿನ ಪಕ್ಕ ನಿಂತು ಕಲಿತೆವು ಅನ್ನುತ್ತಾರೆ. ಅಡುಗೆಯ ಹದ ಕಲಿಯುವ ಹಾಗೆ.

ತಪ್ಪುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇವರೆಲ್ಲ ಧಾರಾಳವಾಗಿ ತಪ್ಪು ಮಾಡಿದವರು. ಸಮುದ್ರದ ಉಬ್ಬರ ಇಳಿತಕ್ಕೆ ಗೆಲಿಲಿಯೊ ಕೊಟ್ಟ ಕಾರಣ ತಪ್ಪು. ಸ್ಕಾಟ್ಲೆಂಡಿನ ಗ್ಲೆನ್ ರಾಯ್ ಕಣಿವೆಯ ಬಗ್ಗೆ ಡಾರ್ವಿನ್ 1839ರಲ್ಲಿ ಬರೆದದ್ದು ತಪ್ಪು, ಅವರು ಆಮೇಲೆ ಆತ್ಮಕಥೆಯಲ್ಲಿ ಅದಕ್ಕೆ ನಾಚಿಕೊಂಡರು. ಲೈನಸ್ ಪೌಲಿಂಗ್ 1953ರಲ್ಲಿ ಡಿಎನ್‌ಎಗೆ ಮೂರು ಎಳೆ ಎಂದು ಪ್ರಕಟಿಸಿದರು. ಜಾಸ್ತಿ ವಿಚಾರ ಮಾಡುವವರಿಗೆ ಜಾಸ್ತಿ ತಪ್ಪೂ ಆಗುತ್ತದೆ. ಒಳ್ಳೆಯದೂ ಆ ರಾಶಿಯಿಂದಲೇ ಬರುತ್ತದೆ.

ನನ್ನ ಈ ಉತ್ತರದಲ್ಲೇ ಒಂದು ದೋಷವಿದೆ, ಅದನ್ನೂ ಹೇಳಿಬಿಡುತ್ತೇನೆ. ನಾವು ಓದುವುದು ಗೆದ್ದವರ ಕಥೆ. ಡಾರ್ವಿನ್ ಸಂಬಳಕ್ಕಾಗಿ ಒಂದು ದಿನವೂ ದುಡಿಯಬೇಕಾಗಿರಲಿಲ್ಲ, ಅಪ್ಪನ ಹಣ ಇತ್ತು. ಅದಿಲ್ಲದಿದ್ದರೆ ಸಮುದ್ರ ಚಿಪ್ಪುಜೀವಿಗಳ ಮೇಲೆ ಎಂಟು ವರ್ಷ ಕಳೆಯಲು ಯಾರು ಬಿಡುತ್ತಿದ್ದರು? 1907ರಲ್ಲಿ ಬರ್ಲಿನ್‌ಗೆ ಬಂದ ಭೌತವಿಜ್ಞಾನಿ ಲೀಸಾ ಮೈಟ್ನರ್‌ಗೆ ಹೆಂಗಸು ಅನ್ನುವ ಕಾರಣಕ್ಕೆ ಸಂಸ್ಥೆಯ ಮುಖ್ಯ ಭಾಗಕ್ಕೆ ಪ್ರವೇಶವಿರಲಿಲ್ಲ. ನೆಲಮಾಳಿಗೆಯಲ್ಲಿ ಮೊದಲು ಬಡಗಿಯ ಕೆಲಸಕ್ಕಿದ್ದ ಕೋಣೆಯಲ್ಲಿ ಸಂಬಳವಿಲ್ಲದೆ ದುಡಿದರು. ಗಣಿತಜ್ಞೆ ಎಮ್ಮಿ ನೋಟರ್ ಜರ್ಮನಿಯ ಗಟಿಂಗೆನ್‌ನಲ್ಲಿ ವರ್ಷಗಟ್ಟಲೆ ಅಲ್ಲಿನ ಪ್ರಾಧ್ಯಾಪಕ ಹಿಲ್ಬರ್ಟ್ ಹೆಸರಿನಲ್ಲಿ ಪಾಠ ಹೇಳಬೇಕಾಯಿತು. ಇವರಿಬ್ಬರು ಅಡ್ಡಿಗಳನ್ನು ದಾಟಿದ್ದರಿಂದ ನಮಗೆ ಹೆಸರು ಗೊತ್ತು. ಫ್ಯಾರಡೆ ಪುಸ್ತಕಕ್ಕೆ ರಟ್ಟು ಹಾಕುವ ಹುಡುಗ. ಗಿರಾಕಿಯೊಬ್ಬರು ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಉಪನ್ಯಾಸಗಳಿಗೆ ಟಿಕೆಟ್ ಕೊಡದಿದ್ದರೆ ರಟ್ಟು ಹಾಕುತ್ತಲೇ ಇರುತ್ತಿದ್ದನೇನೋ. ಕಷ್ಟವೇ ಮೇಧಾವಿಯನ್ನು ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ನಿಮ್ಮ ವಿಷಯ. ಪರೀಕ್ಷೆಯ ಪ್ರಶ್ನೆಗಳಿಗೆ ಉತ್ತರ ಮೊದಲೇ ಯಾರ ಬಳಿಯಲ್ಲೋ ಇರುತ್ತದೆ. ಅಂಥ ಪ್ರಶ್ನೆಗಳನ್ನೇ 16 ವರ್ಷ ಬಿಡಿಸಿದವರಿಗೆ ಸ್ವಂತ ವಿಚಾರ ಹೊಳೆಯದಿದ್ದರೆ ಅದು ನಿಮ್ಮ ಮಿದುಳಿನ ಕೊರತೆಯಲ್ಲ. ನಿಮ್ಮ ತಲೆಯಲ್ಲಿ ಹೊಳೆಯಲು ಕಾಯುತ್ತಾ ಕೂತಿರುವ ಪ್ರಶ್ನೆಯೇ ಇಲ್ಲ. ಒಂದನ್ನು ಸಾಕಿಕೊಳ್ಳಿ. ರೆಕಾರ್ಡ್ ಪುಸ್ತಕದಲ್ಲಿ ಏನು ಬೇಕಾದರೂ ಬರೆಯಿರಿ, ಅದರ ಪಾಡು ಅದಕ್ಕೆ. ಆದರೆ ಹೊಂದಿಸುವ ಮುಂಚಿನ ಅಸಲಿ ರೀಡಿಂಗ್‌ಗಳನ್ನು ಬೇರೊಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ನಿಮ್ಮ ಮಾತಿಗೆ ಹೂಂ ಅನ್ನದೆ, ಹೌದಾ, ಹೇಗೆ ಅಂತ ಕೇಳುವ ಒಬ್ಬ ಗೆಳತಿಗೆ ಅದನ್ನು ತೋರಿಸಿ. ಭೌತಶಾಸ್ತ್ರಕ್ಕೆ ಸಂಬಂಧವಿಲ್ಲದ ಒಂದು ಕೈಕೆಲಸ, ಚಿತ್ರವೋ ಸಂಗೀತವೋ ಹೊಲಿಗೆಯೋ, ನಿಮಗೆ ಬರುತ್ತಿದ್ದರೆ ಓದಿಗೆ ಅಡ್ಡ ಅಂತ ಬಿಡಬೇಡಿ.

ನನ್ನ ಲೋಲಕದ ವಿಷಯ ಹೇಳಿ ಮುಗಿಸುತ್ತೇನೆ. ಎಷ್ಟೋ ವರ್ಷದ ಮೇಲೆ, ಕೆಪ್ಲರ್ ಪಾಠ ಮಾಡಿ ಬಂದ ಒಂದು ಸಂಜೆ ಆ 9.3, 9.6 ಮತ್ತೆ ನೆನಪಾದವು. ಸಣ್ಣ ದಾರಕ್ಕೆ ತಪ್ಪು ಜಾಸ್ತಿ, ಉದ್ದ ದಾರಕ್ಕೆ ಕಡಿಮೆ. ಯಾಕೆ? ಲೋಲಕದ ಉದ್ದವನ್ನು ಗುಂಡಿನ ನಡುಮಧ್ಯದವರೆಗೆ ಅಳೆಯಬೇಕು. ನಾನು ಕೊಕ್ಕೆಯವರೆಗೆ ಮಾತ್ರ ಅಳೆದಿದ್ದೆ ಅಂತ ಕಾಣುತ್ತದೆ. ಪ್ರತಿ ಸಲವೂ 2 ಸೆಂಟಿಮೀಟರ್ ಬಿಟ್ಟುಹೋದರೆ, 40 ಸೆಂಟಿಮೀಟರ್ ಲೋಲಕಕ್ಕೆ 9.3 ಬರುತ್ತದೆ, ಒಂದು ಮೀಟರಿನದಕ್ಕೆ 9.6 ಬರುತ್ತದೆ. ಸರಿಯಾಗಿ ಹೊಂದುತ್ತದೆ! ತಿದ್ದದೆ ಗ್ರಾಫ್ ಎಳೆದಿದ್ದರೆ ಗೆರೆ ಮೂಲಬಿಂದುವನ್ನು ಮುಟ್ಟದೆ ಪಕ್ಕಕ್ಕೆ ಸರಿದಿರುತ್ತಿತ್ತು. ಆ ಸರಿದ ದೂರವೇ 2 ಸೆಂಟಿಮೀಟರ್ ಎಂದು ತೋರಿಸುತ್ತಿತ್ತು, ಗೆರೆಯ ಇಳಿಜಾರಿನಿಂದ 9.8 ತಾನಾಗಿಯೇ ಸಿಗುತ್ತಿತ್ತು. ನಾನು ರಬ್ಬರ್ ಹಿಡಿದು ಉಜ್ಜಿಹಾಕಿದ್ದು ಅದನ್ನೇ.

ನಿಮ್ಮ ಹಳೆಯ ಕಚ್ಚಾ ಹಾಳೆಗಳು ಇನ್ನೂ ಇವೆಯಾ? ಇದ್ದರೆ ನೀವು ಹೊಂದಿಸಿದ ಒಂದು ಪ್ರಯೋಗದ ಅಸಲಿ ಅಂಕಿಗಳನ್ನು ನನಗೆ ಕಳಿಸಿ.